ಮನೆಮಂದಿಯ ವಿಡಿಯೊಗೆ ಕೈಗೆಟಕುವ ಕ್ಯಾಮೆರಾ: ದೂರ, ಬೆಳಕು, ಹೊತ್ತು, ಧ್ವನಿ ನೋಡಿ ಆರಿಸಿ

ಅಂಗಡಿಯಲ್ಲಿ ಕ್ಯಾಮೆರಾದ ಡಬ್ಬಿ ಕೈಗೆತ್ತಿಕೊಂಡರೆ ಮೊದಲು ಕಣ್ಣಿಗೆ ಬೀಳುವುದು ‘4ಕೆ’ ಎಂಬ ದಪ್ಪಕ್ಷರ. ಆಮೇಲೆ ಮೆಗಾಪಿಕ್ಸೆಲ್, ಆಮೇಲೆ ಝೂಮ್. ಮನೆಯವರಿಗಾಗಿ ತೆಗೆಯುವ ವಿಡಿಯೊ ಚೆನ್ನಾಗಿ ಬರುತ್ತದೋ ಇಲ್ಲವೋ ಎಂಬುದು ಈ ಅಕ್ಷರಗಳಿಗಿಂತ ಹೆಚ್ಚಾಗಿ ಬೇರೆ ನಾಲ್ಕು ಸಂಗತಿಗಳನ್ನು ಅವಲಂಬಿಸಿದೆ. ನೀವು ಚಿತ್ರಿಸುವವರು ನಿಮ್ಮಿಂದ ಎಷ್ಟು ದೂರದಲ್ಲಿರುತ್ತಾರೆ? ಅಲ್ಲಿ ಬೆಳಕು ಎಷ್ಟಿರುತ್ತದೆ? ಒಂದೇ ಸಮನೆ ಎಷ್ಟು ಹೊತ್ತು ರೆಕಾರ್ಡ್ ಆಗಬೇಕು? ಮಾತು ಅಥವಾ ಹಾಡು ಸ್ಪಷ್ಟವಾಗಿ ಕೇಳಿಸಲೇಬೇಕೆ? ಈ ನಾಲ್ಕಕ್ಕೂ ಉತ್ತರ ಬರೆದುಕೊಂಡು ಅಂಗಡಿಗೆ ಹೋದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

15ರಿಂದ 40 ಸಾವಿರ ರೂಪಾಯಿಯೊಳಗೆ, ಹೊಸದೋ ಹಳೆಯದೋ, ಒಂದು ಕ್ಯಾಮೆರಾ ಕೊಳ್ಳಬೇಕು ಎಂದುಕೊಂಡಿರುವ ಮನೆಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯೂಟ್ಯೂಬ್ ಚಾನೆಲ್ ನಡೆಸುವವರ ಅಗತ್ಯ ಬೇರೆ, ಮದುವೆ ಸ್ಟುಡಿಯೊದವರದ್ದು ಇನ್ನೂ ಬೇರೆ.

ಹೆಜ್ಜೆ 1: ಏನು ಚಿತ್ರಿಸುತ್ತೀರಿ ಎಂದು ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ಮುಂದಿನ ವರ್ಷ ಖಂಡಿತ ಚಿತ್ರಿಸುವ ಮೂರು ಸಂದರ್ಭಗಳನ್ನು ಬರೆಯಿರಿ. ಮಗುವಿನ ಶಾಲಾ ವಾರ್ಷಿಕೋತ್ಸವ, ಮನೆಯ ನಾಮಕರಣ ಅಥವಾ ಗೃಹಪ್ರವೇಶ, ಅಜ್ಜಿಯ ಬಾಯಲ್ಲಿ ಊರಿನ ಕಥೆ, ಜೋಗಕ್ಕೋ ಹಂಪಿಗೋ ಪ್ರವಾಸ, ಊರಿನ ಬಯಲಾಟ. ಪ್ರತಿಯೊಂದಕ್ಕೂ ಬೇಕಾಗುವ ಸಲಕರಣೆ ಬೇರೆ ಬೇರೆ. ಅಜ್ಜಿಯ ಕಥೆಗೆ ಝೂಮ್ ಬೇಕಿಲ್ಲ, ಒಳ್ಳೆಯ ಮೈಕ್ ಬೇಕು. ವಾರ್ಷಿಕೋತ್ಸವಕ್ಕೆ ಝೂಮ್ ಇಲ್ಲದಿದ್ದರೆ ಮಗು ಯಾವುದು ಎಂದೇ ತಿಳಿಯುವುದಿಲ್ಲ. ಜೋಗದ ತುಂತುರಿನಲ್ಲಿ ನಿಲ್ಲಬೇಕಾದರೆ ನೀರು ತಡೆಯುವ ಕ್ಯಾಮೆರಾ ಬೇಕು. ಎಲ್ಲಕ್ಕೂ ಒಂದೇ ಕ್ಯಾಮೆರಾ ಹುಡುಕಿದರೆ ಬೆಲೆ ಲಕ್ಷ ದಾಟುತ್ತದೆ. ಮೂರರಲ್ಲಿ ಯಾವುದು ಕೈತಪ್ಪಿದರೆ ಹೆಚ್ಚು ಬೇಸರವಾಗುತ್ತದೋ ಅದಕ್ಕೆ ಒಂದು ಗೆರೆ ಎಳೆಯಿರಿ. ಕ್ಯಾಮೆರಾ ಅದಕ್ಕಾಗಿ ಕೊಳ್ಳಿ. ಉಳಿದವನ್ನು ಫೋನ್ ನೋಡಿಕೊಳ್ಳುತ್ತದೆ.

ಹೆಜ್ಜೆ 2: ದೂರದ ಲೆಕ್ಕ

ಝೂಮ್ ಬೇಕೇ, ಬೇಕಾದರೆ ಎಷ್ಟು ಎಂಬುದನ್ನು ಊಹೆಗೆ ಬಿಡಬೇಕಿಲ್ಲ. ಕ್ಯಾಮೆರಾದ ವಿವರ ಪಟ್ಟಿಯಲ್ಲಿ ‘35 ಮಿ.ಮೀ. ಸಮಾನ ಫೋಕಲ್ ಲೆಂಗ್ತ್’ ಎಂದು ಒಂದು ಸಂಖ್ಯೆ ಇರುತ್ತದೆ. ದೂರವನ್ನು ಮೀಟರ್‌ನಲ್ಲಿ ಹಿಡಿದು 36ರಿಂದ ಗುಣಿಸಿ, ಬಂದದ್ದನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಚೌಕಟ್ಟಿನೊಳಗೆ ಎಷ್ಟು ಮೀಟರ್ ಅಗಲದ ಜಾಗ ಬೀಳುತ್ತದೆ ಎಂಬುದು ಹೆಚ್ಚುಕಡಿಮೆ ಸಿಗುತ್ತದೆ.

ಶಾಲೆಯ ಸಭಾಂಗಣದಲ್ಲಿ ಪೋಷಕರಿಗೆ ಕುರ್ಚಿ ಸಿಗುವುದು ಸಾಮಾನ್ಯವಾಗಿ ಹಿಂದಿನ ಸಾಲುಗಳಲ್ಲಿ. ವೇದಿಕೆಗೆ 20 ಮೀಟರ್ ಅಂತರ ಅಂದುಕೊಳ್ಳೋಣ. ಫೋನಿನ ಮುಖ್ಯ ಲೆನ್ಸ್ 26 ಮಿ.ಮೀ. ಇದ್ದರೆ ಚೌಕಟ್ಟಿನಲ್ಲಿ ಸುಮಾರು 28 ಮೀಟರ್ ಅಗಲ ಬರುತ್ತದೆ. ಅಂದರೆ ಇಡೀ ವೇದಿಕೆ, ಎರಡೂ ಬದಿಯ ಗೋಡೆ, ಮುಂದಿನ ಸಾಲಿನವರ ತಲೆಗಳು, ನಡುವೆ ಎಲ್ಲೋ ನಿಮ್ಮ ಮಗು. ಕೆಲವು ಫೋನ್‌ಗಳಲ್ಲಿರುವ 75 ಮಿ.ಮೀ. ಟೆಲಿ ಲೆನ್ಸ್‌ನಿಂದ ಅದು ಸುಮಾರು 9.6 ಮೀಟರ್‌ಗೆ ಇಳಿಯುತ್ತದೆ. ದುಬಾರಿ ಫೋನ್‌ಗಳ 120 ಮಿ.ಮೀ. ಲೆನ್ಸ್‌ನಿಂದ 6 ಮೀಟರ್. ಮಗು ಮತ್ತು ಪಕ್ಕದ ಇಬ್ಬರು ಮಾತ್ರ ಕಾಣುವಂತೆ ಎರಡೂವರೆ ಮೀಟರ್ ಅಗಲ ಬೇಕೆಂದರೆ 290 ಮಿ.ಮೀ. ಹತ್ತಿರದ ಲೆನ್ಸ್ ಬೇಕು. ಇಲ್ಲಿ ಹ್ಯಾಂಡಿಕ್ಯಾಮ್ ಮಾದರಿಯ ಕ್ಯಾಮೆರಾಕ್ಕೆ ಈಗಲೂ ಸಾಟಿಯಿಲ್ಲ. ಉದಾಹರಣೆಗೆ, ಬಹಳ ಮನೆಗಳಲ್ಲಿರುವ ಸೋನಿಯ ಸಿಎಕ್ಸ್405 ಮಾದರಿಯಲ್ಲಿ 30 ಪಟ್ಟು ಆಪ್ಟಿಕಲ್ ಝೂಮ್ ಇದೆ; 26.8 ಮಿ.ಮೀ.ಯಿಂದ 804 ಮಿ.ಮೀ.ವರೆಗೆ ಹೋಗುತ್ತದೆ. 20 ಮೀಟರ್ ದೂರದಿಂದ ಒಂದೇ ಮುಖವನ್ನು ಚೌಕಟ್ಟಿಗೆ ತರಲು ಅಷ್ಟು ಸಾಕು. ಹಾಗೆ ಎಳೆದಾಗ ಟ್ರೈಪಾಡ್ ಇಲ್ಲದೆ ಕೈಯಲ್ಲಿ ಹಿಡಿದು ನಿಲ್ಲುವುದು ಕಷ್ಟ, ಅದು ಬೇರೆ ಮಾತು.

ಆಪ್ಟಿಕಲ್ ಝೂಮ್ ಅಂದರೆ ಲೆನ್ಸ್‌ನ ಗಾಜುಗಳೇ ಒಳಗೆ ಸರಿದು ದೂರದ್ದನ್ನು ಹತ್ತಿರ ತರುವುದು. ಡಿಜಿಟಲ್ ಝೂಮ್ ಅಂದರೆ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವುದು, ಹಿಗ್ಗಿದಷ್ಟೂ ಮಸುಕಾಗುತ್ತದೆ. ವಿವರ ಪಟ್ಟಿಯಲ್ಲಿ ‘ಡಿಜಿಟಲ್’ ಎಂಬ ಪದದ ಮುಂದೆ ಇರುವ ಸಂಖ್ಯೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. 4ಕೆ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. 4ಕೆ ಚಿತ್ರದ ಅಗಲ 3840 ಪಿಕ್ಸೆಲ್, ಫುಲ್ ಎಚ್‌ಡಿಯದು 1920. ಆದ್ದರಿಂದ 4ಕೆಯಲ್ಲಿ ತೆಗೆದದ್ದನ್ನು ಎರಡು ಪಟ್ಟು ಹತ್ತಿರಕ್ಕೆ ಕತ್ತರಿಸಿದರೂ ಫುಲ್ ಎಚ್‌ಡಿ ಉಳಿಯುತ್ತದೆ.

ಹೆಜ್ಜೆ 3: ಬೆಳಕು

ನಮ್ಮ ಮನೆಯ ಕಾರ್ಯಕ್ರಮಗಳು ಹೆಚ್ಚಾಗಿ ನಡೆಯುವುದು ಒಳಗೆ, ಟ್ಯೂಬ್‌ಲೈಟ್ ಅಥವಾ ಎಲ್‌ಇಡಿ ಬಲ್ಬಿನ ಕೆಳಗೆ. ಇಂಥ ಬೆಳಕಿನಲ್ಲಿ ಗೆಲ್ಲುವುದು ದೊಡ್ಡ ಸೆನ್ಸರ್, ಅಂದರೆ ಲೆನ್ಸ್‌ನ ಹಿಂದೆ ಬೆಳಕನ್ನು ಹಿಡಿದು ಚಿತ್ರವಾಗಿಸುವ ಚಿಪ್. ‘1 ಇಂಚು’ ಎಂದು ಕರೆಯುವ ಸೆನ್ಸರ್‌ನ ನಿಜವಾದ ಅಳತೆ ಸುಮಾರು 13.2 x 8.8 ಮಿ.ಮೀ. ಬೈಕಿಗೋ ಹೆಲ್ಮೆಟ್‌ಗೋ ಸಿಕ್ಕಿಸುವ ಹಲವು ಆ್ಯಕ್ಷನ್ ಕ್ಯಾಮೆರಾಗಳಲ್ಲಿ, ಮಧ್ಯಮ ದರ್ಜೆಯ ಹ್ಯಾಂಡಿಕ್ಯಾಮ್‌ಗಳಲ್ಲಿ ಕಾಣುವ 1/2.3 ಇಂಚಿನ ಸೆನ್ಸರ್‌ಗೆ ಹೋಲಿಸಿದರೆ ಅದರ ವಿಸ್ತೀರ್ಣ ನಾಲ್ಕು ಪಟ್ಟು. ಮೊದಲು ಹೇಳಿದ ಸಿಎಕ್ಸ್405ನಲ್ಲಿ ಇರುವುದು 1/5.8 ಇಂಚಿನದು, ಅದರ ಕರ್ಣವೇ ಸುಮಾರು 3 ಮಿ.ಮೀ. ಮಾತ್ರ. ಹಗಲಲ್ಲಿ ಹೊರಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ರಾತ್ರಿ ಮನೆಯೊಳಗೆ ಚಿತ್ರದ ತುಂಬ ಕಾಳುಕಾಳು. ಅಂಥ ಬೆಳಕಿನಲ್ಲಿ ಮಧ್ಯಮ ಬೆಲೆಯ ಫೋನೇ ಅದಕ್ಕಿಂತ ಮೇಲು, ಏಕೆಂದರೆ ಫೋನಿನ ಮುಖ್ಯ ಸೆನ್ಸರ್ ಅದಕ್ಕಿಂತ ಎಷ್ಟೋ ದೊಡ್ಡದು.

ಇದೇ ಈ ಬೆಲೆಯ ದೊಡ್ಡ ಇಕ್ಕಟ್ಟು. ಉದ್ದ ಝೂಮ್ ಬೇಕಾದರೆ ಸೆನ್ಸರ್ ಚಿಕ್ಕದಾಗುತ್ತದೆ, ಸೆನ್ಸರ್ ದೊಡ್ಡದು ಬೇಕಾದರೆ ಝೂಮ್ ಕಡಿಮೆಯಾಗುತ್ತದೆ. ಎರಡೂ ಇರುವುದು ದುಬಾರಿ ಕ್ಯಾಮೆರಾಗಳಲ್ಲಿ. ಹೆಜ್ಜೆ 1ರಲ್ಲಿ ಗೆರೆ ಎಳೆದ ಸಂದರ್ಭವನ್ನು ಮತ್ತೊಮ್ಮೆ ನೋಡಿ. ವೇದಿಕೆಯ ಮೇಲಿನ ಕಾರ್ಯಕ್ರಮಕ್ಕೆ ಸಾಮಾನ್ಯವಾಗಿ ಪ್ರಖರ ದೀಪಗಳಿರುತ್ತವೆ. ಅಲ್ಲಿ ಚಿಕ್ಕ ಸೆನ್ಸರ್, ಉದ್ದ ಝೂಮ್ ನಡೆಯುತ್ತದೆ. ದೇವರಮನೆಯ ಮುಂದಿನ ಪೂಜೆಗೆ, ತೊಟ್ಟಿಲ ಶಾಸ್ತ್ರಕ್ಕೆ ದೊಡ್ಡ ಸೆನ್ಸರ್ ಬೇಕು, ಝೂಮ್ ಇಲ್ಲದಿದ್ದರೂ ನಡೆಯುತ್ತದೆ.

ಇನ್ನೊಂದು ವಿಷಯ, ಇದಕ್ಕೆ ಹಣ ಖರ್ಚಿಲ್ಲ. ಭಾರತದ ವಿದ್ಯುತ್ 50 ಹರ್ಟ್ಸ್‌ನದು, ಆದ್ದರಿಂದ ಟ್ಯೂಬ್‌ಲೈಟ್‌ನಂಥ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಅಮೆರಿಕದ ಅಥವಾ ಜಪಾನಿನ ಮಾರುಕಟ್ಟೆಗೆಂದು 60 ಹರ್ಟ್ಸ್‌ಗೆ ಹೊಂದಿಸಿದ ಕ್ಯಾಮೆರಾದಲ್ಲಿ ಇಲ್ಲಿನ ದೀಪದ ಕೆಳಗೆ ಚಿತ್ರಿಸಿದರೆ ಗೋಡೆಯ ಮೇಲೆ ಕಪ್ಪು ಪಟ್ಟಿಗಳು ಹರಿದಾಡುತ್ತವೆ. ಮೆನುವಿನಲ್ಲಿ ‘ಪಾಲ್’ (ಭಾರತದಲ್ಲಿ ಬಳಸುವ ವಿಡಿಯೊ ಪದ್ಧತಿ) ಅಥವಾ ‘50 ಹರ್ಟ್ಸ್’ ಆರಿಸಿ. ಸೆಕೆಂಡಿಗೆ 25 ಅಥವಾ 50 ಫ್ರೇಮ್ ಇಡಿ. ಷಟರ್, ಅಂದರೆ ಒಂದೊಂದು ಫ್ರೇಮ್‌ಗೆ ಬೆಳಕು ಬೀಳುವ ಹೊತ್ತು, ಕೈಯಲ್ಲಿ ಹೊಂದಿಸಲು ಬರುವುದಾದರೆ 1/50 ಅಥವಾ 1/100 ಸೆಕೆಂಡ್. ವಿದೇಶದಲ್ಲಿರುವ ಮಗನೋ ಮಗಳೋ ಅಲ್ಲಿಂದ ಹ್ಯಾಂಡಿಕ್ಯಾಮ್ ತರುವುದಿದ್ದರೆ ಇದನ್ನು ಮೊದಲೇ ಪರೀಕ್ಷಿಸಲು ಹೇಳಿ. ಹಲವು ಹ್ಯಾಂಡಿಕ್ಯಾಮ್ ಮಾದರಿಗಳಲ್ಲಿ ಆಯಾ ದೇಶದ ಪದ್ಧತಿಯನ್ನು ಮೆನುವಿನಿಂದ ಬದಲಿಸಲು ಬರುವುದಿಲ್ಲ.

ಹೆಜ್ಜೆ 4: ಎಷ್ಟು ಹೊತ್ತು

ಯಕ್ಷಗಾನ ಬಯಲಾಟ ಬೆಳಗಿನ ತನಕ ನಡೆಯುತ್ತದೆ. ಕಾಲಮಿತಿ ಪ್ರಯೋಗವಾದರೂ ಮೂರು ಗಂಟೆ. ಸಂಗೀತ ಕಚೇರಿ ಎರಡು ಗಂಟೆ. ಇಷ್ಟು ಹೊತ್ತು ಫೋನ್ ಹಿಡಿದರೆ ಬಿಸಿಯೇರುತ್ತದೆ, ಜಾಗ ತುಂಬುತ್ತದೆ, ನಡುವೆ ಕರೆ ಬಂದರೆ ರೆಕಾರ್ಡಿಂಗ್ ನಿಲ್ಲಲೂಬಹುದು. ಫೋನಿನಲ್ಲಿ ಚಿತ್ರಿಸುವುದಾದರೆ ಏರೋಪ್ಲೇನ್ ಮೋಡ್ ಹಾಕುವುದನ್ನು ಮರೆಯಬೇಡಿ.

ಫೋಟೊಗಾಗಿ ಮಾಡಿದ ಹಲವು ಹಳೆಯ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವಾಗಿಯೇ ನಿಲ್ಲುತ್ತವೆ. 30 ನಿಮಿಷ ಮುಟ್ಟುವ ಕ್ಯಾಮೆರಾವನ್ನು ವಿಡಿಯೊ ಕ್ಯಾಮೆರಾ ಎಂದು ಪರಿಗಣಿಸಿ ಹೆಚ್ಚು ಸುಂಕ ಹಾಕುತ್ತಿದ್ದ ಐರೋಪ್ಯ ಒಕ್ಕೂಟದ ನಿಯಮವೇ ಇದರ ಹಿಂದಿನ ಮುಖ್ಯ ಕಾರಣ. ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ ಫೋಟೊ ಕ್ಯಾಮೆರಾ) ಕೊಳ್ಳುವವರು ಇದನ್ನು ನೆನಪಿಡಬೇಕು. ಹ್ಯಾಂಡಿಕ್ಯಾಮ್‌ನಲ್ಲಿ ಈ ತೊಂದರೆ ಇಲ್ಲ. ಕಾರ್ಡ್ ಮತ್ತು ವಿದ್ಯುತ್ ಇರುವವರೆಗೆ ಓಡುತ್ತದೆ.

ವಿದ್ಯುತ್ ಬಗ್ಗೆ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ರೆಕಾರ್ಡ್ ಆಗುತ್ತಿರುವಾಗಲೇ ಪವರ್ ಬ್ಯಾಂಕ್‌ನಿಂದ ಓಡುತ್ತದೆಯೇ? ಕೆಲವು ಕ್ಯಾಮೆರಾಗಳಲ್ಲಿ ಯುಎಸ್‌ಬಿಯಿಂದ ಚಾರ್ಜ್ ಆಗುತ್ತದೆ, ಆದರೆ ಆಫ್ ಮಾಡಿದಾಗ ಮಾತ್ರ. ನಿಮ್ಮ ಪವರ್ ಬ್ಯಾಂಕ್ ಜೊತೆಗೆ ಒಯ್ದು ಅಲ್ಲೇ ಸಿಕ್ಕಿಸಿ ನೋಡಿ.

ಜಾಗದ ಲೆಕ್ಕವೂ ಸುಲಭ. ವಿವರ ಪಟ್ಟಿಯಲ್ಲಿ ಎಂಬಿಪಿಎಸ್ (ಸೆಕೆಂಡಿಗೆ ಎಷ್ಟು ಮೆಗಾಬಿಟ್ ದತ್ತಾಂಶ) ಎಂದು ಕೊಟ್ಟಿರುವ ಸಂಖ್ಯೆಯನ್ನು 0.45ರಿಂದ ಗುಣಿಸಿದರೆ ಒಂದು ಗಂಟೆಗೆ ಎಷ್ಟು ಜಿಬಿ ಎಂದು ಸಿಗುತ್ತದೆ. 100 ಎಂಬಿಪಿಎಸ್‌ನ 4ಕೆಗೆ ಗಂಟೆಗೆ 45 ಜಿಬಿ. 17 ಎಂಬಿಪಿಎಸ್‌ನ ಫುಲ್ ಎಚ್‌ಡಿಗೆ 8 ಜಿಬಿಗೂ ಕಡಿಮೆ. ಮೂರು ಗಂಟೆಯ ಯಕ್ಷಗಾನವನ್ನು 4ಕೆಯಲ್ಲಿ ತೆಗೆದರೆ 135 ಜಿಬಿ. ಅದನ್ನು ಮುಂದೆ ಎಲ್ಲಿ ಇಡುತ್ತೀರಿ, ಯಾವ ಲ್ಯಾಪ್‌ಟಾಪ್‌ನಲ್ಲಿ ತೆರೆಯುತ್ತೀರಿ ಎಂಬುದನ್ನೂ ಈಗಲೇ ಯೋಚಿಸಿ. ದೀರ್ಘ ಕಾರ್ಯಕ್ರಮಗಳಿಗೆ ಫುಲ್ ಎಚ್‌ಡಿಯೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೆಜ್ಜೆ 5: ಧ್ವನಿಗೆ ಹಣ ತೆಗೆದಿಡಿ

ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಟ್ಟುಕೊಳ್ಳಿ. ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ. ಮಾತು ಕೇಳಿಸದಿದ್ದರೆ ಎರಡು ನಿಮಿಷದಲ್ಲಿ ಎದ್ದು ಹೋಗುತ್ತಾರೆ. ಹಿರಿಯರು ತೀರಿಕೊಂಡ ಮೇಲೆ ಮನೆಯವರು ಹುಡುಕುವುದು ಅವರ ದನಿಯನ್ನು. ಎಷ್ಟೋ ಮನೆಗಳಲ್ಲಿ ವಿಡಿಯೊ ಇದೆ, ಆದರೆ ಅದರಲ್ಲಿ ಕೇಳಿಸುವುದು ಫ್ಯಾನಿನ ಸದ್ದು, ಪಕ್ಕದವರ ಹರಟೆ.

ಯಾವ ಕ್ಯಾಮೆರಾದೊಳಗಿನ ಮೈಕ್ ಆದರೂ ತನ್ನ ಹತ್ತಿರ ಇರುವುದನ್ನೇ ಜೋರಾಗಿ ಹಿಡಿಯುತ್ತದೆ. ಆದ್ದರಿಂದ ಧ್ವನಿಯ ಮೂಲ ಉಪಾಯ ಒಂದೇ, ಮೈಕನ್ನು ಮಾತನಾಡುವವರ ಬಾಯಿಯ ಹತ್ತಿರ ಒಯ್ಯುವುದು. ಅದಕ್ಕೆ ಕ್ಯಾಮೆರಾದಲ್ಲಿ 3.5 ಮಿ.ಮೀ. ಮೈಕ್ ಜಾಕ್ ಇರಬೇಕು. ಕಡಿಮೆ ಬೆಲೆಯ ಹ್ಯಾಂಡಿಕ್ಯಾಮ್‌ಗಳಲ್ಲಿ ಮೊದಲು ಕೈಬಿಡುವುದೇ ಇದನ್ನು. ಸಿಎಕ್ಸ್405ನಲ್ಲಿ ಮೈಕ್ ಜಾಕ್ ಇಲ್ಲ. ನಿಕಾನ್ ಡಿ3500 ಎಂಬ ಜನಪ್ರಿಯ ಡಿಎಸ್‌ಎಲ್‌ಆರ್‌ನಲ್ಲೂ ಇಲ್ಲ. ಕ್ಯಾನನ್ 200ಡಿಯಲ್ಲಿ ಇದೆ. ಹೆಡ್‌ಫೋನ್ ಜಾಕ್ ಕೂಡ ಇದ್ದರೆ ರೆಕಾರ್ಡ್ ಆಗುತ್ತಿರುವುದನ್ನು ಅಲ್ಲೇ ಕೇಳಿಸಿಕೊಳ್ಳಬಹುದು, ಅದು ಇನ್ನೂ ಒಳ್ಳೆಯದು.

ಅಜ್ಜಿಯ ಮಾತಿಗೆ ತಂತಿಯ ಕಾಲರ್ ಮೈಕ್ ಸಾಕು. ಬೋಯಾ ಬಿವೈ-ಎಂ1 ಇದರಲ್ಲಿ ಹೆಚ್ಚು ಬಳಕೆಯಲ್ಲಿರುವುದು: 6 ಮೀಟರ್ ಉದ್ದದ ತಂತಿ, ಫೋನಿಗೂ ಕ್ಯಾಮೆರಾಕ್ಕೂ ಹೊಂದುವ ಪುಟ್ಟ ಸ್ವಿಚ್. ಕ್ಯಾಮೆರಾಕ್ಕೆ ಹಾಕುವಾಗ ಅದರೊಳಗೆ ಗುಂಡಿಯಾಕಾರದ ಬ್ಯಾಟರಿ ಇರಬೇಕು. ಹಾರ್ಮೋನಿಯಂ ನುಡಿಸುತ್ತ ಹಾಡುವವರಿಗೆ, ಅಡುಗೆ ಮಾಡುತ್ತ ಮಾತನಾಡುವವರಿಗೆ ತಂತಿ ಅಡ್ಡ ಬರುತ್ತದೆ. ಅವರಿಗೆ ವೈರ್‌ಲೆಸ್ ಮೈಕ್ ಅನುಕೂಲ. ರೆಕಾರ್ಡ್ ಶುರು ಮಾಡುವ ಮೊದಲು ಫ್ಯಾನ್ ಆರಿಸಿ, ಫ್ರಿಜ್ ಇರುವ ಕೋಣೆ ಬಿಟ್ಟು ಬೇರೆ ಕಡೆ ಕೂರಿಸಿ, ಒಲೆಯ ಮೇಲೆ ಕುಕ್ಕರ್ ಇಲ್ಲದ ಹೊತ್ತು ನೋಡಿ. ಖಾಲಿ ಹಾಲ್‌ಗಿಂತ ಹಾಸಿಗೆ, ಪರದೆ, ಬಟ್ಟೆ ತುಂಬಿದ ಕೋಣೆಯಲ್ಲಿ ಮಾತು ಸ್ವಚ್ಛವಾಗಿ ಬರುತ್ತದೆ, ಏಕೆಂದರೆ ಬಟ್ಟೆ ಪ್ರತಿಧ್ವನಿಯನ್ನು ಹೀರುತ್ತದೆ.

ಯಕ್ಷಗಾನದಲ್ಲಿ ತೊಂದರೆ ಬೇರೆ ಬಗೆಯದು. ಹೆಚ್ಚಿನ ಕ್ಯಾಮೆರಾಗಳು ಧ್ವನಿಯ ಮಟ್ಟವನ್ನು ತಾವೇ ಏರಿಸಿ ಇಳಿಸುತ್ತವೆ. ಚೆಂಡೆಯ ಪೆಟ್ಟು ಬಿದ್ದ ಕೂಡಲೇ ಮಟ್ಟ ಇಳಿಯುತ್ತದೆ, ಅದರ ಹಿಂದೆಯೇ ಭಾಗವತರ ಪದ ಮುಳುಗಿಹೋಗುತ್ತದೆ. ಚೆಂಡೆ ನಿಂತೊಡನೆ ಮೆಲ್ಲಗೆ ಏರುತ್ತದೆ, ಆಗ ಪ್ರೇಕ್ಷಕರ ಗುಜುಗುಜು ಜೋರಾಗಿ ಕೇಳಿಸುತ್ತದೆ. ಇಡೀ ರಾತ್ರಿಯ ಹಿಮ್ಮೇಳ ಹೀಗೆ ಉಬ್ಬಿ ತಗ್ಗುತ್ತಿದ್ದರೆ ಕೇಳುವುದೇ ಹಿಂಸೆ. ಆದ್ದರಿಂದ ಧ್ವನಿಯ ಮಟ್ಟವನ್ನು ಕೈಯಲ್ಲಿ ಹೊಂದಿಸಿ ಬೀಗ ಹಾಕುವ ಸೌಲಭ್ಯ ಮೆನುವಿನಲ್ಲಿ ಇದೆಯೇ ಎಂದು ಕೊಳ್ಳುವ ಮೊದಲೇ ನೋಡಿ. ಇದ್ದರೆ ಪೀಠಿಕೆಯ ಹೊತ್ತಿಗೆ, ಚೆಂಡೆ ಜೋರಾಗಿ ನುಡಿಯುವಾಗ, ಸೂಚಕದ ಗೆರೆ ಕೆಂಪು ಮುಟ್ಟದಂತೆ ಹೊಂದಿಸಿ ಹಾಗೆಯೇ ಬಿಡಿ.

ಇಲ್ಲದಿದ್ದರೂ ದಾರಿ ಇದೆ. ಹಳೆಯ ಫೋನ್ ಒಂದನ್ನು ಏರೋಪ್ಲೇನ್ ಮೋಡ್‌ನಲ್ಲಿ, ಧ್ವನಿಮುದ್ರಣ ಶುರುಮಾಡಿ, ರಂಗಸ್ಥಳದ ಹತ್ತಿರದ ಯಾವುದಾದರೂ ಧ್ವನಿವರ್ಧಕದ ಸಮೀಪ ಇಡಿ, ತೀರಾ ಮುಂದೆ ಬೇಡ. ಮೊದಲಲ್ಲಿ ಒಂದು ಚಪ್ಪಾಳೆ ಕ್ಯಾಮೆರಾಕ್ಕೂ ಫೋನಿಗೂ ಕೇಳುವಂತೆ ತಟ್ಟಿದರೆ, ಆಮೇಲೆ ಎಡಿಟಿಂಗ್‌ನಲ್ಲಿ ಎರಡನ್ನೂ ಆ ಚಪ್ಪಾಳೆಗೆ ಸರಿಹೊಂದಿಸಬಹುದು. ಮೈಕ್‌ಸೆಟ್‌ನವರು ಪರಿಚಯದವರಾದರೆ ಅವರ ಮಿಕ್ಸರ್‌ನಿಂದಲೇ ಒಂದು ತಂತಿ ಕೇಳಿ. ಆದರೆ ಮಿಕ್ಸರ್‌ನಿಂದ ಬರುವ ಸಂಕೇತ ಮೈಕ್‌ನದಕ್ಕಿಂತ ಬಹಳ ಬಲವಾದದ್ದು. ನೇರ ಮೈಕ್ ಜಾಕ್‌ಗೆ ಕೊಟ್ಟರೆ ಧ್ವನಿ ಒಡೆಯುತ್ತದೆ. ನಡುವೆ ಅದನ್ನು ತಗ್ಗಿಸುವ ಅಟೆನ್ಯುಯೇಟರ್ ತಂತಿ ಬೇಕು. ಚಿತ್ರೀಕರಣಕ್ಕೆ ಮೇಳದವರ, ಸಂಘಟಕರ ಒಪ್ಪಿಗೆ ಪಡೆಯುವುದಂತೂ ಇದಕ್ಕೆಲ್ಲ ಮೊದಲು ಆಗಬೇಕಾದ್ದು.

ಒಟ್ಟು ಹಣದಲ್ಲಿ ನಾಲ್ಕನೇ ಒಂದು ಭಾಗವನ್ನು ಮೈಕ್, ಟ್ರೈಪಾಡ್, ಕಾರ್ಡ್ ಈ ಮೂರಕ್ಕೆ ತೆಗೆದಿಡಿ. 30 ಸಾವಿರ ಇದ್ದರೆ ಕ್ಯಾಮೆರಾಕ್ಕೆ 22 ಸಾವಿರದ ಆಸುಪಾಸು ಎಂದೇ ಲೆಕ್ಕ ಹಾಕಿ.

ಹೆಜ್ಜೆ 6: ಈಗ ಬಗೆ ಆರಿಸಿ

ಫೋನ್. ನಿಮ್ಮ ಗೆರೆ ಬಿದ್ದಿರುವುದು ಅಜ್ಜಿಯ ಕಥೆಯ ಮೇಲೋ ಮನೆಯೊಳಗಿನ ಪೂಜೆಯ ಮೇಲೋ ಆದರೆ ಹೊಸ ಕ್ಯಾಮೆರಾ ಬೇಡವೇ ಬೇಡ. ಮೂರು ವರ್ಷದೊಳಗಿನ ಮಧ್ಯಮ ದರ್ಜೆಯ ಫೋನ್, ಒಂದು ಕಾಲರ್ ಮೈಕ್, ಫೋನ್ ಹಿಡಿಕೆ ಇರುವ ಟ್ರೈಪಾಡ್. ಫೋನ್ ಈಗಾಗಲೇ ಕೈಯಲ್ಲಿದ್ದರೆ ಉಳಿದೆರಡನ್ನು ಮೂರು ಸಾವಿರದೊಳಗೆ ಮುಗಿಸಬಹುದು. ಫೋನಿನಲ್ಲಿ ಈಗ 3.5 ಮಿ.ಮೀ. ಜಾಕ್ ಇಲ್ಲದಿದ್ದರೆ ಟೈಪ್-ಸಿ ಮೈಕ್ ನೋಡಿ.

ಹ್ಯಾಂಡಿಕ್ಯಾಮ್. ವೇದಿಕೆ, ಕ್ರೀಡಾಕೂಟ, ಯಕ್ಷಗಾನ, ಉತ್ಸವದ ಮೆರವಣಿಗೆ, ಹಕ್ಕಿಗಳು; ದೂರದ ಮತ್ತು ದೀರ್ಘದ ಯಾವುದಕ್ಕೂ ಇದೇ. ಬೆರಳಿನಡಿಯ ಝೂಮ್ ಗುಂಡಿ ಒತ್ತಿದಷ್ಟೇ ನಯವಾಗಿ ಸರಿಯುತ್ತದೆ, ಕೈಪಟ್ಟಿ ಇರುವುದರಿಂದ ಹಿರಿಯರಿಗೂ ಹಿಡಿಯುವುದು ಸುಲಭ. ಹೊಸ ಮಾದರಿಗಳು ಈಗ ಬೆರಳೆಣಿಕೆಯಷ್ಟೇ. ಆದರೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಮೈಕ್ ಜಾಕ್ ಇರುವ ಮೇಲ್ದರ್ಜೆಯವು ಹುಡುಕಿದರೆ ಸಿಗುತ್ತವೆ. ಪ್ಯಾನಾಸೋನಿಕ್‌ನ ವಿ700 ಸಾಲಿನವು, ಕ್ಯಾನನ್‌ನ ಎಚ್‌ಎಫ್ ಸಾಲಿನವು ಕಣ್ಣಿಗೆ ಬಿದ್ದರೆ ಒಮ್ಮೆ ಕೈಗೆತ್ತಿಕೊಂಡು ನೋಡಿ. ಹೊಸ ಅಗ್ಗದ ಮಾದರಿಗಿಂತ ಹಳೆಯ ಒಳ್ಳೆಯ ಮಾದರಿಯೇ ನನ್ನ ಆಯ್ಕೆ.

ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್. ಫೋಟೊ ಮತ್ತು ವಿಡಿಯೊ ಎರಡೂ ಬೇಕು ಎನ್ನುವ ಮನೆಗೆ ಕ್ಯಾನನ್ 200ಡಿ ಈಗಲೂ ಒಳ್ಳೆಯ ಆಯ್ಕೆ. 2017ರಲ್ಲಿ ಬಂದದ್ದು, 4ಕೆ ಇಲ್ಲ. ಆದರೆ ದೊಡ್ಡ ಸೆನ್ಸರ್ ಇದೆ, ಮೈಕ್ ಜಾಕ್ ಇದೆ, ಪಕ್ಕಕ್ಕೆ ತಿರುಗುವ ಪರದೆ ಇದೆ, ಓಡಾಡುವ ಮಗುವಿನ ಮುಖವನ್ನು ಬಿಡದೆ ಹಿಂಬಾಲಿಸುವ ಫೋಕಸ್ ಇದೆ. ಆ ಕಾಲದ ಎಷ್ಟೋ ಡಿಎಸ್‌ಎಲ್‌ಆರ್‌ಗಳು ವಿಡಿಯೊದಲ್ಲಿ ಫೋಕಸ್‌ಗಾಗಿ ಹಿಂದೆ ಮುಂದೆ ತಡಕಾಡುತ್ತವೆ. ಆದ್ದರಿಂದ ಫೋಟೊ ಚೆನ್ನಾಗಿ ಬರುತ್ತದೆ ಎಂಬ ಮಾತು ಕೇಳಿ ವಿಡಿಯೊಗೆ ಕೊಳ್ಳಬೇಡಿ.

ಆ್ಯಕ್ಷನ್ ಕ್ಯಾಮೆರಾ. ಜೋಗ, ಕಡಲತೀರ, ಬೈಕಿನ ಪ್ರಯಾಣ, ಈಜುಕೊಳ. ಗೋಪ್ರೊದ ಈಚಿನ ಹೆಚ್ಚಿನ ಮಾದರಿಗಳು ಹೊರಕವಚ ಇಲ್ಲದೆಯೇ 10 ಮೀಟರ್ ಆಳದವರೆಗೆ ನೀರು ತಡೆಯುತ್ತವೆ. ಆಪ್ಟಿಕಲ್ ಝೂಮ್ ಇಲ್ಲ, ಒಳಾಂಗಣದಲ್ಲಿ ಸಪ್ಪೆ. ಮನೆಯ ಮೊದಲ ಕ್ಯಾಮೆರಾ ಆಗಿ ಇದನ್ನು ನಾನು ಶಿಫಾರಸು ಮಾಡುವುದಿಲ್ಲ.

ಹೆಜ್ಜೆ 7: ಆನ್‌ಲೈನ್‌ನ ಅಗ್ಗದ ‘4ಕೆ ಕ್ಯಾಮ್‌ಕಾರ್ಡರ್’ ಕಡೆ ತಲೆ ಹಾಕಬೇಡಿ

ಐದರಿಂದ ಹತ್ತು ಸಾವಿರಕ್ಕೆ, ಕೇಳರಿಯದ ಹೆಸರಿನಲ್ಲಿ, 4ಕೆ, 48 ಮೆಗಾಪಿಕ್ಸೆಲ್, 16 ಪಟ್ಟು ಝೂಮ್ ಎಂದು ಬರೆದ ಕ್ಯಾಮೆರಾಗಳು ಆನ್‌ಲೈನ್ ಅಂಗಡಿಗಳಲ್ಲಿ ಸಾಲುಗಟ್ಟಿ ನಿಂತಿವೆ. ನೋಡಲು ಹ್ಯಾಂಡಿಕ್ಯಾಮ್‌ನಂತೆಯೇ ಇರುತ್ತವೆ. ಇವುಗಳಲ್ಲಿ ಬಹುಪಾಲಿನ ಝೂಮ್ ಡಿಜಿಟಲ್. ಚಿಕ್ಕ ಸೆನ್ಸರ್‌ನ ಕಡಿಮೆ ಪಿಕ್ಸೆಲ್‌ಗಳನ್ನು ಹಿಗ್ಗಿಸಿ 4ಕೆ ಎಂದು ಬರೆದುಕೊಳ್ಳುತ್ತವೆ. ಪತ್ತೆ ಹಚ್ಚಲು ಮೂರು ಗುರುತು: ವಿವರ ಪಟ್ಟಿಯಲ್ಲಿ ‘ಆಪ್ಟಿಕಲ್’ ಪದ ಎಲ್ಲೂ ಇರುವುದಿಲ್ಲ, ಸೆನ್ಸರ್‌ನ ಅಳತೆ ಇರುವುದಿಲ್ಲ, ಲೆನ್ಸ್‌ನ ಫೋಕಲ್ ಲೆಂಗ್ತ್ ಅಥವಾ ಎಫ್ ಸಂಖ್ಯೆಯ (ಲೆನ್ಸ್ ಎಷ್ಟು ಬೆಳಕು ಬಿಡುತ್ತದೆ ಎಂಬುದರ ಅಳತೆ) ವ್ಯಾಪ್ತಿ ಇರುವುದಿಲ್ಲ. ಕಷ್ಟಪಟ್ಟು ಉಳಿಸಿದ ಎಂಟು ಸಾವಿರ ರೂಪಾಯಿ ಇದಕ್ಕೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಷ್ಟೇ ಹಣಕ್ಕೆ ಮೈಕ್, ಟ್ರೈಪಾಡ್ ಕೊಂಡು ಕೈಯಲ್ಲಿರುವ ಫೋನಿಗೆ ಜೋಡಿಸಿದರೆ ಇದಕ್ಕಿಂತ ಎಷ್ಟೋ ಒಳ್ಳೆಯ ವಿಡಿಯೊ ಬರುತ್ತದೆ.

ಹೆಜ್ಜೆ 8: ಹಳೆಯದನ್ನು ಕೊಳ್ಳುವಾಗ

ಮಾರುವವರ ಮನೆಗೋ ಅಂಗಡಿಗೋ ಹಗಲು ಹೊತ್ತಿನಲ್ಲಿ ಹೋಗಿ. ಒಂದು ಮೆಮೊರಿ ಕಾರ್ಡ್, ಫೋನಿನ ಟಾರ್ಚ್, ಇಯರ್‌ಫೋನ್ ಜೊತೆಗಿರಲಿ.

ಮೊದಲು ಲೆನ್ಸ್. ಟಾರ್ಚನ್ನು ಓರೆಯಾಗಿ ಹಿಡಿದು ಗಾಜಿನೊಳಗೆ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಶಿಲೀಂಧ್ರ. ಮಲೆನಾಡು, ಕರಾವಳಿಯ ತೇವದಲ್ಲಿ ಕಪಾಟಿನಲ್ಲಿ ಮುಚ್ಚಿಟ್ಟ ಕ್ಯಾಮೆರಾಗಳಿಗೆ ಇದು ಬಹಳ ಸಾಮಾನ್ಯ. ಹ್ಯಾಂಡಿಕ್ಯಾಮ್‌ನ ಲೆನ್ಸ್ ಬಿಚ್ಚಿ ಶುಚಿ ಮಾಡಿಸುವ ಖರ್ಚು ಕ್ಯಾಮೆರಾದ ಬೆಲೆಗೇ ಬಂದೀತು, ಆದ್ದರಿಂದ ಎಳೆ ಕಂಡರೆ ಬಿಟ್ಟುಬಿಡಿ.

ಆಮೇಲೆ ಪರದೆ. ತೆರೆದು ಮುಚ್ಚಿ, ಎಲ್ಲ ಕೋನಕ್ಕೂ ತಿರುಗಿಸಿ. ಕೀಲಿನೊಳಗೆ ಹಾದುಹೋಗುವ ಪಟ್ಟಿ ತಂತಿ ಸವೆದಿದ್ದರೆ ಚಿತ್ರ ಮಿಂಚಿ ಮಾಯವಾಗುತ್ತದೆ. ಝೂಮ್ ಪೂರ್ತಿ ಒಳಕ್ಕೂ ಹೊರಕ್ಕೂ ಎಳೆಯಿರಿ, ಎಲ್ಲೂ ತಡೆಯಬಾರದು, ಗರಗರ ಸದ್ದು ಬರಬಾರದು. ಲೆನ್ಸ್ ಮುಚ್ಚಿ ಒಂದು ನಿಮಿಷ ರೆಕಾರ್ಡ್ ಮಾಡಿ. ಕಪ್ಪಿನ ನಡುವೆ ಕದಲದ ಬಣ್ಣದ ಚುಕ್ಕೆಗಳಿದ್ದರೆ ಸೆನ್ಸರ್ ಹಾಳಾಗಿದೆ. ಹತ್ತು ನಿಮಿಷ ಎಡೆಬಿಡದೆ ರೆಕಾರ್ಡ್ ಮಾಡಿ ಬ್ಯಾಟರಿ ಎಷ್ಟು ಇಳಿಯಿತು ಎಂದು ಗಮನಿಸಿ. ಮೈಕ್ ಜಾಕ್ ಇದ್ದರೆ ಮೈಕ್ ಸಿಕ್ಕಿಸಿ ಮಾತನಾಡಿ, ಇಯರ್‌ಫೋನಿನಲ್ಲಿ ಕೇಳಿ. ಕ್ಯಾಸೆಟ್ ಹಾಕುವ ಹಳೆಯ ಮಿನಿಡಿವಿ ಕ್ಯಾಮೆರಾವನ್ನು ಹೊಸ ಚಿತ್ರೀಕರಣಕ್ಕೆ ಕೊಳ್ಳಬೇಡಿ, ಎಷ್ಟೇ ಅಗ್ಗಕ್ಕೆ ಸಿಕ್ಕಲಿ. ಆದರೆ ಮನೆಯಲ್ಲಿ ಮಿನಿಡಿವಿ ಕ್ಯಾಸೆಟ್‌ಗಳಿದ್ದರೆ, ಓಡುವ ಒಂದು ಕ್ಯಾಮೆರಾ ಸಿಕ್ಕಾಗಲೇ ಅವನ್ನೆಲ್ಲ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ಗಂಟೆಗೆ 13 ಜಿಬಿ ಬೇಕಾಗುತ್ತದೆ. ಟೇಪೂ ಕೆಡುತ್ತದೆ, ಅದನ್ನು ಓಡಿಸುವ ಯಂತ್ರಗಳೂ ಕಡಿಮೆಯಾಗುತ್ತಿವೆ, ಇದನ್ನು ಮುಂದೂಡಬೇಡಿ.

ಹೆಜ್ಜೆ 9: ಬಿಲ್, ವಾರಂಟಿ

ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಚೌಕಾಸಿ ಮಾಡಿದರೆ ಬೆಲೆ ಇಳಿಯುತ್ತದೆ. ಆದರೆ ‘ಬಿಲ್ ಬೇಡದಿದ್ದರೆ ಇನ್ನೂ ಕಡಿಮೆ’ ಎಂಬ ಮಾತಿಗೆ ಒಪ್ಪಬೇಡಿ. 2019ರ ಜನವರಿಯಲ್ಲಿ ಡಿಜಿಟಲ್ ಕ್ಯಾಮೆರಾ ಮತ್ತು ವಿಡಿಯೊ ಕ್ಯಾಮೆರಾಗಳ ಜಿಎಸ್‌ಟಿಯನ್ನು ಶೇ 28ರಿಂದ ಶೇ 18ಕ್ಕೆ ಇಳಿಸಲಾಯಿತು. ಬಿಲ್‌ನಲ್ಲಿ ತೆರಿಗೆ, ಮಾದರಿಯ ಹೆಸರು, ಸೀರಿಯಲ್ ನಂಬರ್ ಇರಬೇಕು. ಹೊರದೇಶದಿಂದ ಬೇರೆ ದಾರಿಯಲ್ಲಿ ಬಂದ ಸರಕಿಗೆ ಭಾರತದ ವಾರಂಟಿ ಸಿಗದಿರಬಹುದು, ಆದ್ದರಿಂದ ವಾರಂಟಿ ಯಾರದು, ಕಂಪನಿಯದೋ ಅಂಗಡಿಯದೋ ಎಂದು ಬರೆಸಿಕೊಳ್ಳಿ. ಮಾರಿದವರು ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಆಗ ಕೈಯಲ್ಲಿ ಬೇಕಾಗುವುದು ಆ ಬಿಲ್ಲೇ.

ಹೆಜ್ಜೆ 10: ಕಾರ್ಡ್, ಪರೀಕ್ಷೆ, ಕಾಪಿಡುವುದು

ಮೆಮೊರಿ ಕಾರ್ಡಿನ ಮೇಲೆ ‘ಯು3’ ಅಥವಾ ‘ವಿ30’ ಎಂದಿದ್ದರೆ ಅದು ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯಬಲ್ಲದು ಎಂದರ್ಥ. 4ಕೆಗೆ ಅದು ಬೇಕು. ಫುಲ್ ಎಚ್‌ಡಿಗೆ ‘ಯು1’ ಸಾಕು. ನಕಲಿ ಕಾರ್ಡ್‌ಗಳು ಮೇಲೆ 128 ಜಿಬಿ ಎಂದು ತೋರಿಸಿ ಒಳಗೆ ಎಷ್ಟೋ ಕಡಿಮೆ ಇರುತ್ತವೆ, ಕಾರ್ಯಕ್ರಮದ ನಡುವೆ ಗೊತ್ತಾದಾಗ ಏನೂ ಮಾಡಲಾಗದು. ಕೊಂಡ ದಿನವೇ ಎಚ್‌2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಪರೀಕ್ಷಿಸಿ. ಲಿನಕ್ಸ್, ಮ್ಯಾಕ್ ಬಳಸುವವರಿಗೆ ಎಫ್3 ಇದೆ.

ಕಾರ್ಯಕ್ರಮದ ಹಿಂದಿನ ವಾರ ಮನೆಯಲ್ಲೇ ಒಂದು ತಾಲೀಮು ಆಗಲಿ. ರಾತ್ರಿ ಹಾಲ್‌ನ ದೀಪದಲ್ಲಿ ಅರ್ಧ ಗಂಟೆ ಓಡಿಸಿ, ಕಂಪ್ಯೂಟರ್‌ಗೆ ಹಾಕಿ ಮೊದಲಿನಿಂದ ಕೊನೆಯವರೆಗೆ ನೋಡಿ. ಹೊಸ ಕ್ಯಾಮೆರಾಗಳ ಎಚ್.265 (ವಿಡಿಯೊವನ್ನು ಹೆಚ್ಚು ಒತ್ತಿ ಚಿಕ್ಕದಾಗಿಸುವ ಬಗೆ) ಕಡತಗಳನ್ನು ಹಳೆಯ ಲ್ಯಾಪ್‌ಟಾಪ್ ಓಡಿಸಲು ಒದ್ದಾಡುತ್ತದೆ. ಹಾಗಾದರೆ ಮೆನುವಿನಲ್ಲಿ ಎಚ್.264 ಆರಿಸಿ.

ಮಳೆಗಾಲದಲ್ಲಿ ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿ ಮುಚ್ಚಿಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ, ಪೊಟ್ಟಣ ತೇವ ಹೀರಿ ಬಣ್ಣ ಬದಲಿಸಿದಾಗ ಹೊಸದು ಹಾಕಿ. ಹದಿನೈದು ದಿನಕ್ಕೊಮ್ಮೆ ಹೊರತೆಗೆದು ಸ್ವಲ್ಪ ಹೊತ್ತು ಓಡಿಸಿ. ಬ್ಯಾಟರಿಯನ್ನು ಅರ್ಧ ಚಾರ್ಜ್‌ನಲ್ಲಿ, ಕ್ಯಾಮೆರಾದಿಂದ ಬಿಡಿಸಿ ಇಡುವುದು ಒಳ್ಳೆಯದು.

ಚಿತ್ರಿಸಿದ್ದನ್ನು ಅದೇ ವಾರ ಎರಡು ಹಾರ್ಡ್ ಡಿಸ್ಕ್‌ಗಳಿಗೆ ನಕಲು ಮಾಡಿ. ಹ್ಯಾಂಡಿಕ್ಯಾಮ್‌ನಲ್ಲಿ ಎವಿಸಿಎಚ್‌ಡಿ ಎಂಬ ಕಡತದ ಬಗೆಯಲ್ಲಿ ತೆಗೆದಿದ್ದರೆ ಬಿಡಿ ಕಡತಗಳನ್ನಲ್ಲ, ಕಾರ್ಡಿನ ಇಡೀ ಫೋಲ್ಡರ್ ಅನ್ನೇ ನಕಲು ಮಾಡಬೇಕು. ಉದ್ದನೆಯ ರೆಕಾರ್ಡಿಂಗ್ ತುಂಡುತುಂಡಾಗಿ ಇರುತ್ತದೆ, ಅವನ್ನು ಜೋಡಿಸುವ ಮಾಹಿತಿ ಉಳಿದ ಕಡತಗಳಲ್ಲಿರುತ್ತದೆ. ಫೋಲ್ಡರ್‌ನ ಹೆಸರಿನಲ್ಲಿ ವರ್ಷ, ತಿಂಗಳು, ಊರು, ಅದರಲ್ಲಿರುವವರ ಹೆಸರು ಬರೆಯಿರಿ. ಒಂದು ಡಿಸ್ಕ್ ನಿಮ್ಮ ಮನೆಯಲ್ಲಿರಲಿ, ಇನ್ನೊಂದನ್ನು ಅಣ್ಣನ ಮನೆಗೋ ತಂಗಿಯ ಮನೆಗೋ ಕೊಟ್ಟುಬಿಡಿ. ವರ್ಷಕ್ಕೊಮ್ಮೆ ಎರಡನ್ನೂ ಕಂಪ್ಯೂಟರ್‌ಗೆ ಸಿಕ್ಕಿಸಿ ಕಡತಗಳು ತೆರೆಯುತ್ತವೆಯೇ ಎಂದು ನೋಡಿ. ಎರಡು ನಕಲುಗಳೂ ಸರಿಯಾಗಿ ತೆರೆಯುತ್ತವೆ ಎಂದು ಖಚಿತವಾದ ಮೇಲೆಯೇ ಕಾರ್ಡನ್ನು ಕ್ಯಾಮೆರಾದೊಳಗೆ ಹಾಕಿ ಫಾರ್ಮ್ಯಾಟ್ ಮಾಡಬೇಕು, ಅದಕ್ಕೆ ಮೊದಲು ಬೇಡ.